ಏಳನೆಯ ಗಂಡಿಗೆ ದೊರೆಯ ಹೆಸರು

ಟಾನ್‌ಬರ್ಗಿನ ದೊರೆ ಅಂದಕೂಡಲೆ ದೊಡ್ಡದೇನನ್ನೋ ಊಹಿಸಿಕೊಳ್ಳಬೇಡಿ. ಬೆಳಿಗ್ಗೆ ಗಂಜಿ ಕುಡಿದು ಕುದುರೆ ಹತ್ತಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಅವನ ರಾಜ್ಯ ಮುಗಿದು ಪಕ್ಕದ ಡ್ಯೂಕನ ಸೀಮೆ ಶುರುವಾಗಿಬಿಡುತ್ತಿತ್ತು. ಒಂದು ಪೇಟೆ, ನಾಲ್ಕಾರು ಹಳ್ಳಿ, ಒಂದು ಕೋಟೆ. ಕೋಟೆಯ ಒಂದು ಗೋಪುರವನ್ನು ಯುದ್ಧದಲ್ಲಿ ಸ್ವೀಡನ್ನಿನ ಸಿಪಾಯಿಗಳು ಉರುಳಿಸಿದ್ದರು, ಅದು ಇನ್ನೂ ಹಾಗೇ ಬಿದ್ದಿತ್ತು. ಆದರೆ ಕಾಡು ಮಾತ್ರ ಸೊಗಸಾಗಿತ್ತು. ಅಂಥ ಕಾಡು ಡ್ಯೂಕನಿಗೂ ಇರಲಿಲ್ಲ. ದೊರೆ ಗೆಬ್‌ಹಾರ್ಟ್ ತನ್ನ ಹೆಮ್ಮೆಯನ್ನೆಲ್ಲ ಆ ಕಾಡಿನ ಸಾರಂಗ, ಹಂದಿಗಳ ಮೇಲೇ ಇಟ್ಟುಕೊಂಡಿದ್ದ.

ಆ ಹೆಮ್ಮೆಯ ಭಾರ ಹೊತ್ತದ್ದು ಹಳ್ಳಿಯ ನಾಯಿಗಳು. ಒಂದೊಂದರ ಕೊರಳಿಗೂ ಮೊಳದುದ್ದದ ಮರದ ಕೊರಡು. ಎದೆಯ ಮುಂದೆ ಅಡ್ಡಡ್ಡ ತೂಗುತ್ತದೆ. ನಾಯಿ ಓಡಲು ಹೋದರೆ ಮುಂಗಾಲಿಗೆ ಬಡಿದು ಮುಗ್ಗರಿಸುತ್ತದೆ. ದೊರೆಯ ಬೇಟೆಯ ಪ್ರಾಣಿಯನ್ನು ನಾಯಿ ಅಟ್ಟಬಾರದಲ್ಲ, ಅದಕ್ಕೆ. ಇದನ್ನೇನು ಗೆಬ್‌ಹಾರ್ಟನೇ ಕಂಡುಹಿಡಿಯಲಿಲ್ಲ, ನಮ್ಮ ಕಡೆಯ ದೊರೆಗಳೆಲ್ಲ ಕಟ್ಟಿಸುತ್ತಿದ್ದರು. ಬೇರೆಯವರು ಬೇಟೆಯ ಕಾಲದಲ್ಲಿ ಕಟ್ಟಿಸಿದರೆ ಇವನು ವರ್ಷಪೂರ್ತಿ ಕಟ್ಟಿಸಿದ, ಅಷ್ಟೇ ವ್ಯತ್ಯಾಸ. ಸಾರಂಗ ಹೊಲಕ್ಕೆ ಬಂದು ರೈ ಧಾನ್ಯದ ಪೈರನ್ನು ಬುಡಸಮೇತ ಮೇಯ್ದರೂ ರೈತ ಬದುವಿನ ಮೇಲೆ ನಿಂತು ಚಪ್ಪಾಳೆ ತಟ್ಟಬಹುದಿತ್ತೇ ಹೊರತು ನಾಯಿ ಬಿಡುವಂತಿರಲಿಲ್ಲ.

ಹಾಗಾದರೆ ಕೆಟ್ಟ ದೊರೆಯೇ ಅಂತ ಕೇಳಿದರೆ ಹೌದು ಅನ್ನಲು ನನಗೆ ಬಾಯಿ ಬರುವುದಿಲ್ಲ. ಯುದ್ಧ ಮುಗಿದು ಹಾಲೆಂಡಿನಿಂದ ಊರಿಗೆ ಬಂದಾಗ ಅವನಿನ್ನೂ ಹುಡುಗು ಪ್ರಾಯದವನು. ಸಿಪಾಯಿಗಳು ಬರುವ ಸುದ್ದಿ ಕೇಳಿದ್ದೇ ಅವನಪ್ಪ ಹೆಂಡತಿ ಮಕ್ಕಳನ್ನು ಗಾಡಿಗೆ ತುಂಬಿಕೊಂಡು ಓಡಿಹೋಗಿ, ಅಲ್ಲೇ ಸತ್ತಿದ್ದ. ಮಗ ಬಂದು ನೋಡಿದರೆ ಅರ್ಧ ಊರು ಸುಟ್ಟಿದೆ, ಉಳಿದರ್ಧದಲ್ಲಿ ಜನವಿಲ್ಲ. ಪ್ರಮಾಣದ ದಿನ ಅಳಿದುಳಿದ ಗಂಡಸರು ಕೋಟೆಯಂಗಳದಲ್ಲಿ ಬೆರಳೆತ್ತಿ, ನಿಮಗೆ ನಿಷ್ಠರಾಗಿರುತ್ತೇವೆ ಅಂದಾಗ ಇವನಿಗೆ ಅಳು ಬಂದುಬಿಟ್ಟಿತು. ನಿಮ್ಮನ್ನು ಬಿಟ್ಟು ಓಡಿದವರ ಮಗ ನಾನು, ಇನ್ನು ಮುಂದೆ ನನ್ನ ಬಾಗಿಲು ನಿಮಗೆ ಮುಚ್ಚುವುದಿಲ್ಲ ಅಂದ. ಅದನ್ನು ಅವನು ಮನಸಾರೆ ಹೇಳಿದ್ದ.

ಆ ವಸಂತದಲ್ಲೇ ಎರ್ಲಾ ಹಳ್ಳಿಯ ಕುರಿಗಾಹಿ ಹೆನ್ನರನ ಹೆಂಡತಿ ಊರ್ಸೆಲ್ ಏಳನೆಯ ಗಂಡು ಹೆತ್ತಳು. ನಡುವೆ ಹೆಣ್ಣಿಲ್ಲದೆ ಸಾಲಾಗಿ ಏಳನೆಯ ಗಂಡು ಹುಟ್ಟಿದರೆ ದೊರೆಯೇ ಅದಕ್ಕೆ ಧರ್ಮತಂದೆ, ದೊರೆಯ ಹೆಸರೇ ಅದಕ್ಕೆ ಹೆಸರು. ಇದು ನಮ್ಮಲ್ಲಿ ಅಜ್ಜ ಮುತ್ತಜ್ಜನ ಕಾಲದ ರೂಢಿ, ಬೇಕು ಅನ್ನುವುದೂ ಇಲ್ಲ, ಬೇಡ ಅನ್ನುವುದೂ ಇಲ್ಲ. ಎರ್ಲಾ ಚರ್ಚಿಗೆ ಆಗ ಸೂರೇ ಇರಲಿಲ್ಲ. ಮೋಡದ ಕೆಳಗೆ ನಿಂತು ದೊರೆ ಮಗುವನ್ನು ತೋಳಿನ ಮೇಲೆ ಮಲಗಿಸಿಕೊಂಡು, ದೀಕ್ಷಾಸ್ನಾನದ ನೀರು ಬೀಳುವಾಗ ಗೆಬ್‌ಹಾರ್ಟ್ ಎಂದು ಹೆಸರಿಟ್ಟ. ಮಗು ಅವನ ಕಸೂತಿಯ ತೋಳನ್ನು ಒದ್ದೆ ಮಾಡಿತು. ಊರಿನವರು ಗಾಬರಿಯಾದರು. ಇವನು ಹೊಟ್ಟೆ ಹಿಡಿದುಕೊಂಡು ನಕ್ಕ. ಎಷ್ಟೋ ವರ್ಷದಿಂದ ಆ ಊರಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ.

ಆಮೇಲೆ ಚರ್ಚಿಗೆ ಸೂರು ಹಾಕಿಸಿದ, ಬಿತ್ತನೆಗೆ ಕಾಳು ಕೊಡಿಸಿದ, ಮದುವೆಯಾದ. ನಿಧಾನವಾಗಿ ಮನಸ್ಸು ಬೇಟೆಯ ಕಡೆಗೆ ತಿರುಗಿತು. ಒಳ್ಳೆಯತನ ಅವನಲ್ಲಿ ಸತ್ತುಹೋಯಿತು ಅಂತಲ್ಲ, ಅದಕ್ಕೆ ಬಿಡುವಾಗಲಿಲ್ಲ. ಏಳನೆಯ ಗಂಡುಗಳು ಮತ್ತೂ ಕೆಲವು ಹುಟ್ಟಿದವು. ಅವುಗಳ ಹೆಸರಿಡುವುದಕ್ಕೆ ಕೋಟೆಯ ಪಾರುಪತ್ಯಗಾರ ಹೋಗಿಬರತೊಡಗಿದ. ಹೊಸವರ್ಷದ ದಿನ ಧರ್ಮಪುತ್ರರು ಕೋಟೆಗೆ ಬಂದು ಕಾಣಿಕೆ ತೆಗೆದುಕೊಂಡು ಹೋಗುವ ಪದ್ಧತಿ. ಅದನ್ನೂ ಪಾರುಪತ್ಯಗಾರನೇ ಬಾಗಿಲಲ್ಲಿ ನಿಂತು ಹಂಚುತ್ತಿದ್ದ.

ಹೀಗೆ ಹದಿನೇಳು ವರ್ಷ ಕಳೆದು, ನಾನು ಹೇಳಹೊರಟ ಚಳಿಗಾಲ ಬಂತು. ಆ ವರ್ಷ ಡ್ಯೂಕ್ ತಾನೇ ಟಾನ್‌ಬರ್ಗಿಗೆ ಬೇಟೆಗೆ ಬರುತ್ತೇನೆಂದು ಒಪ್ಪಿಕೊಂಡಿದ್ದ. ಅದೇನು ಬರೀ ಬೇಟೆಯ ಮಾತಲ್ಲ. ಚಕ್ರವರ್ತಿಯ ಸಭೆಯಲ್ಲಿ ಟಾನ್‌ಬರ್ಗಿಗೆ ಇದ್ದ ಹಳೆಯ ಆಸನ ಯುದ್ಧದ ಗಲಾಟೆಯಲ್ಲಿ ಕೈಬಿಟ್ಟಿತ್ತು. ಡ್ಯೂಕ್ ಒಂದು ಮಾತು ಆಡಿದರೆ ಅದು ವಾಪಸು. ಅಪ್ಪ ಕಳೆದದ್ದನ್ನು ಮಗ ತಂದ ಅಂತ ನಾಲ್ಕು ಜನ ಅನ್ನಬೇಕು, ಗೆಬ್‌ಹಾರ್ಟನಿಗೆ ಇದ್ದ ಆಸೆ ಅದೊಂದೇ. ಅದಕ್ಕೇ ಕೊರಡಿನ ಆಜ್ಞೆಯನ್ನು ಇನ್ನೊಮ್ಮೆ ಸಾರಿಸಿದ. ಒಂದು ಸಾರಂಗವೂ ಬೆದರಿ ಗಡಿ ದಾಟಬಾರದು.

ಚಳಿಗಾಲದ ಮೊದಲಿಗೆ ಬರುವ ಮಾರ್ಟಿನ್ ಹಬ್ಬದ ದಿನ ಕೋಟೆಯಲ್ಲಿ ಹುರಿದ ಹೆಬ್ಬಾತಿನ ಊಟ. ಡ್ಯೂಕನ ಕಡೆಯ ಇಬ್ಬರು ಅಧಿಕಾರಿಗಳು ಬೇಟೆಯ ಏರ್ಪಾಡು ನೋಡಲು ಬಂದವರು ಪಂಕ್ತಿಯಲ್ಲಿದ್ದರು. ಅಷ್ಟರಲ್ಲಿ ಎರ್ಲಾದಿಂದ ಹೆನ್ನರನೂ ಊರಿನ ಇಬ್ಬರು ಹಿರಿಯರೂ ಬಂದು ಬಾಗಿಲ ಬಳಿ ಟೋಪಿ ಕೈಯಲ್ಲಿ ಹಿಡಿದು ನಿಂತರು. ಈ ಸಲ ಹಿಮ ಬೇಗ ಬಿದ್ದಿದೆ, ತೋಳಗಳು ಗುಡ್ಡ ಇಳಿದಿವೆ, ಹೆಜ್ಜೆ ನೋಡಿದ್ದೇವೆ. ಕುರಿಗಳು ಇನ್ನೂ ಬಯಲಿನ ಬೇಲಿಯಲ್ಲಿವೆ, ಅವು ಕೊಟ್ಟಿಗೆ ಸೇರುವ ತನಕ ಮಂದೆಯ ನಾಯಿಗಳಿಗಾದರೂ ಕೊರಡು ಬಿಚ್ಚಲು ಅಪ್ಪಣೆಯಾಗಬೇಕು ಅಂದರು. ಕೇಳಿದ್ದು ಇಷ್ಟೇ.

ಗೆಬ್‌ಹಾರ್ಟ್ ಬಾತಿನ ಕಾಲು ಹಿಡಿದಿದ್ದವನು ಅತಿಥಿಗಳ ಮುಖ ನೋಡಿದ. ಅವನಿಗೊಂದು ಮಾತು ಹೊಳೆಯಿತು, ಹೊಳೆದ ಮಾತನ್ನು ನುಂಗಿಕೊಳ್ಳುವ ಅಭ್ಯಾಸ ದೊರೆಗಳಿಗೆ ಎಲ್ಲಿ ಬರಬೇಕು.

"ಒಂದು ಕೆಲಸ ಮಾಡಿ," ಅಂದ. "ಆ ತೋಳಕ್ಕೂ ಒಂದು ಕೊರಡು ಕಟ್ಟಿಬಿಡಿ. ಆಗ ಇಬ್ಬರಿಗೂ ಸಮ ಆಗುತ್ತೆ."

ಅತಿಥಿಗಳು ಮೇಜು ಕುಟ್ಟಿ ನಕ್ಕರು. ಪಾದ್ರಿ ಸೆಬಾಲ್ಡ್ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕ. ಬಾಗಿಲ ಬಳಿಯಿದ್ದ ಮೂವರೂ ನಕ್ಕರು. ದೊರೆ ತಮಾಷೆ ಮಾಡಿದಾಗ ನಗದೆ ಇರುವುದಕ್ಕೆ ಅವರಿಗೇನು ಹುಚ್ಚೇ. ನಗದೆ ಇದ್ದವಳು ದೊರೆಸಾನಿ ಅಮೇನಾ ಒಬ್ಬಳೇ. ಅಡಿಗೆಮನೆಯಲ್ಲಿ ಬಿಯರು ಕುಡಿದು ಹೋಗಿ ಅಂತ ದೊರೆ ಅವರನ್ನು ಕಳಿಸಿದ. ಆ ಮಾತು ಅವನಿಗೆ ಎಷ್ಟು ಹಿಡಿಸಿತೆಂದರೆ ಮಾರನೆಯ ದಿನ ಕುದುರೆ ಲಾಯದಲ್ಲೂ ಹೇಳಿದ, ಡ್ಯೂಕನಿಗೆ ಬರೆದ ಕಾಗದದಲ್ಲೂ ಸೇರಿಸಿದ.

ಬೇಟೆಗೆ ಇನ್ನು ಕೆಲವೇ ದಿನ ಇದ್ದಾಗ ಒಂದು ಬೆಳಿಗ್ಗೆ ಬೇಟೆಯ ಮುಖ್ಯಸ್ಥ ಒಟ್‌ಮಾರ್ ಒದ್ದೆ ಬೂಟು ಕೂಡ ಬಿಚ್ಚದೆ ಒಳಗೆ ಬಂದ. ಎರ್ಲಾದ ಬಯಲಿನಲ್ಲಿ ತೋಳಗಳು ಮಂದೆಗೆ ನುಗ್ಗಿವೆ ಅಂದ. ಹೆನ್ನರನ ಕಿರಿಮಗ ಕಾವಲಿದ್ದ. ನಾಯಿಗಳು ಎದ್ದು ಹೋಗಿವೆ, ಕೊರಡಿನ ಜೊತೆ ಎಷ್ಟು ದೂರ ಹೋದಾವು. ಒಂದು ಅಲ್ಲೇ ಸತ್ತಿತು. ಹುಡುಗ ದೊಣ್ಣೆ ಹಿಡಿದು ನಡುವೆ ನುಗ್ಗಿದ. ತೊಡೆಗೆ ಬಾಯಿ ಹಾಕಿವೆ. ತೋಳಗಳನ್ನು ಓಡಿಸಿದ್ದಾನೆ, ಕುರಿಗಳನ್ನು ಉಳಿಸಿದ್ದಾನೆ, ಆದರೆ ರಕ್ತ ನಿಂತಿಲ್ಲ. ಬೆಳಿಗ್ಗೆ ಅಪ್ಪ ಗಂಜಿ ತೆಗೆದುಕೊಂಡು ಹೋದಾಗ ಬೇಲಿಗೆ ಒರಗಿ ಕೂತಿದ್ದನಂತೆ, ಮೈ ಸೆಟೆದಿತ್ತಂತೆ.

"ಯಾವ ಹುಡುಗ?" ಅಂದ ಗೆಬ್‌ಹಾರ್ಟ್.

"ನಿಮ್ಮ ಹೆಸರಿನವನು ದೊರೆಗಳೇ," ಅಂದ ಒಟ್‌ಮಾರ್.

ದೊರೆಗೆ ಮೊದಲು ನೆನಪಾದದ್ದು ಹುಡುಗನಲ್ಲ. ಬಾಗಿಲ ಬಳಿ ಟೋಪಿ ಹಿಡಿದು ನಗುತ್ತಿದ್ದ ಹೆನ್ನರ್. ಮೈಯೆಲ್ಲ ಬಿಸಿಯಾಯಿತು. ಯಾರೋ ನಡುಬೀದಿಯಲ್ಲಿ ಬಟ್ಟೆ ಬಿಚ್ಚಿಸಿದ ಹಾಗೆ ಕೋಣೆಯಲ್ಲಿ ನಿಂತಿದ್ದ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ ಹುಡುಕಿದ, ದಾರಿ ಕಾಣಲಿಲ್ಲ. ಅಷ್ಟು ಹೊತ್ತಿಗೆ ಆ ಮಾತು ಇಡೀ ಸೀಮೆಯ ಬಾಯಲ್ಲಿತ್ತು.

ಮದುವೆಯಾಗದೆ ಸತ್ತವರ ಎದೆಯ ಮೇಲೆ ಕಿರೀಟ ಇಟ್ಟು ಹೂಳುವುದು ನಮ್ಮ ಪದ್ಧತಿ. ಮದುವೆಯ ದಿನ ತಲೆ ಮೇಲೆ ಬರಬೇಕಾಗಿದ್ದ ಹೂವು, ಅದು ಸಾವಿನ ದಿನವಾದರೂ ಬರಲಿ ಅಂತ. ತಂತಿ ಬಗ್ಗಿಸಿ, ರೋಸ್‌ಮೇರಿ ಸೊಪ್ಪು ಸುತ್ತಿ, ಬೇಗಡೆ ಹೂವು ಕಟ್ಟುತ್ತಾರೆ. ಅದನ್ನು ತರಬೇಕಾದವನು ಧರ್ಮತಂದೆ, ಇಡಬೇಕಾದದ್ದೂ ಅವನ ಬರಿಗೈಯಲ್ಲೇ. ಹೂಳುವುದು ಗುರುವಾರ ಅಂತ ಗೊತ್ತಾಯಿತು. ಡ್ಯೂಕ್ ಗಡಿಗೆ ಬರುವುದೂ ಗುರುವಾರವೇ. ಅತಿಥಿ ತನಗಿಂತ ದೊಡ್ಡವನಾದರೆ ದೊರೆ ತಾನೇ ಗಡಿಯ ಕಲ್ಲಿನ ತನಕ ಹೋಗಿ, ಕುದುರೆ ಇಳಿದು ಎದುರುಗೊಳ್ಳಬೇಕು. ಹೋಗದಿದ್ದರೆ ಮುಖಕ್ಕೆ ಹೊಡೆದಂತೆ.

ಗೆಬ್‌ಹಾರ್ಟನಿಗೆ, ನಾಚಿಕೆಯಾಗುತ್ತದೆ ಹೇಳಲು, ಸ್ವಲ್ಪ ಸಮಾಧಾನವೇ ಆಯಿತು. ಎರ್ಲಾಕ್ಕೆ ಹೋಗದಿರಲು ಇದಕ್ಕಿಂತ ಒಳ್ಳೆಯ ನೆಪ ಎಲ್ಲಿ ಸಿಗುತ್ತದೆ. ಹೆಂಡತಿಯ ಕೋಣೆಗೆ ಹೋದ. ಅಮೇನಾ ಕೆಲಸದವರನ್ನೆಲ್ಲ ಕಳಿಸಿ ತಾನೇ ಕಿಟಕಿಯ ಬಳಿ ಕೂತು ಕಿರೀಟ ಕಟ್ಟುತ್ತಿದ್ದಳು. ಬೆರಳಿಗೆ ತಂತಿ ಚುಚ್ಚಿ ರಕ್ತ ಬಂದಿತ್ತು. ಪಾರುಪತ್ಯಗಾರನ ಕೈಯಲ್ಲಿ ಕಳಿಸೋಣ, ಜೊತೆಗೆ ಏನಾದರೂ ಒಳ್ಳೆಯ ಕಾಣಿಕೆಯನ್ನೂ ಕೊಡೋಣ ಅಂದ.

"ಅವನ ಪಾಲಿಗೆ ಬಂದದ್ದನ್ನೆಲ್ಲ ಪಾರುಪತ್ಯಗಾರನ ಕೈಲೇ ಕಳಿಸಿದ್ರಿ," ಅಂದಳು, ತಲೆ ಎತ್ತದೆ. "ಇದನ್ನೂ ಅವನ ಕೈಲೇ ಕಳಿಸ್ತೀರಾ?"

"ಡ್ಯೂಕ್ ಬರೋ ಹೊತ್ತಿಗೆ ನಾನು ಗಡೀಲಿ ಇರಬೇಕಲ್ಲ ಅಮೇನಾ. ನಿನಗೆ ಗೊತ್ತಿಲ್ದೆ ಇರೋದಾ?"

"ಇರಿ, ಯಾರು ಬೇಡ ಅಂದ್ರು. ನಾನೇ ತಗೊಂಡು ಹೋಗ್ತೀನಿ. ದೊರೆಗಳು ಎಲ್ಲಿ ಅಂತ ಕೇಳಿದ್ರೆ, ಮುಖ ತೋರಿಸೋಕೆ ನಾಚಿಕೆ ಆಗಿ ಬರ್ಲಿಲ್ಲ ಅಂತ ಹೇಳ್ತೀನಿ."

ಅವನಿಗೆ ಸಿಟ್ಟು ಬಂತು. ಬಾಗಿಲು ದಬ್ಬಿಕೊಂಡು ಹೊರಗೆ ಬಂದ. ಸಿಟ್ಟು ಬಂದದ್ದು ಅವಳು ಸುಳ್ಳು ಹೇಳಿದಳೆಂದಲ್ಲ, ನಿಜ ಹೇಳಿದಳೆಂದು, ಅದು ಅವನಿಗೂ ಗೊತ್ತಿತ್ತು.

ಆ ಸಂಜೆ ಒಟ್‌ಮಾರನನ್ನು ಕರೆಸಿ, ಕಾರಣವಿಲ್ಲದೆ ಬೈಯತೊಡಗಿದ. ತೋಳ ಇಳಿದದ್ದು ಗೊತ್ತಿದ್ದೂ ಬೇಟೆಯವರನ್ನು ಯಾಕೆ ಕಳಿಸಲಿಲ್ಲ, ನಿನಗೆ ಸಂಬಳ ಕೊಡುವುದು ಯಾತಕ್ಕೆ ಅಂದ. ನೀವು ಅಪ್ಪಣೆ ಮಾಡಲಿಲ್ಲವಲ್ಲ ಅಂತ ಅವನು ಅನ್ನಬಹುದಿತ್ತು, ಪಾಪ, ಅನ್ನಲಿಲ್ಲ. ದೊರೆಯನ್ನು ಸಮಾಧಾನ ಮಾಡುವುದಕ್ಕೇ ಏನೋ, ಬೇರೊಂದು ಮಾತು ಹೇಳಿದ.

"ತಪ್ಪು ನಿಮ್ಮದಲ್ಲ ದೊರೆಗಳೇ. ಕತ್ತಲಾದ ಮೇಲೆ ಯಾವ ಮಂದೆ ನಾಯಿ ಕೊರಳಲ್ಲೂ ಕೊರಡು ಇರೋದಿಲ್ಲ. ಊರೂರಲ್ಲೂ ಬಿಚ್ಚುತ್ತಾರೆ, ಬೆಳಿಗ್ಗೆ ಕಟ್ಟುತ್ತಾರೆ. ನಾನೂ ಕಂಡೂ ಕಾಣದ ಹಾಗೆ ಇರ್ತೀನಿ, ಕ್ಷಮಿಸಬೇಕು. ಆ ಹುಡುಗ ಯಾಕೆ ಬಿಚ್ಚಲಿಲ್ವೋ, ಅದೇ ನನಗೂ ಗೊತ್ತಾಗ್ತಿಲ್ಲ."

ಬೇರೆ ದಿನವಾಗಿದ್ದರೆ ಗೆಬ್‌ಹಾರ್ಟ್ ಅವನನ್ನು ಕೆಲಸದಿಂದ ತೆಗೆದುಹಾಕುತ್ತಿದ್ದ. ಆ ಸಂಜೆ ಅವನಿಗೆ ಎದೆಯ ಮೇಲಿನ ಚಪ್ಪಡಿ ಇಳಿದ ಹಾಗಾಯಿತು. ಎಲ್ಲರೂ ಬಿಚ್ಚುತ್ತಾರೆ! ಹಾಗಾದರೆ ಆಜ್ಞೆ ಇದ್ದೂ ಇಲ್ಲದ ಹಾಗೆ. ತಾನು ತಮಾಷೆ ಮಾಡಿದ್ದೂ ಯಾರನ್ನೂ ಕಟ್ಟಿಹಾಕಿರಲಿಲ್ಲ. ಸೋಮಾರಿ ಹುಡುಗ, ಬಿಚ್ಚುವುದನ್ನು ಮರೆತು ನಿದ್ದೆ ಹೊಡೆದಿರಬೇಕು. ಪಾಪದವನೇ, ಆದರೂ ತಪ್ಪು ಅವನದೇ. ಹೀಗೆಲ್ಲ ಲೆಕ್ಕ ಹಾಕಿಕೊಂಡು, ತಪ್ಪನ್ನೆಲ್ಲ ಸತ್ತವನ ತಲೆಗೆ ಕಟ್ಟಿ, ಹೊಟ್ಟೆ ತುಂಬ ಉಂಡು ಮಲಗಿದ. ಗುರುವಾರ ಬೆಳಿಗ್ಗೆ ಎದ್ದು ತಾನೇ ಕಿರೀಟ ತೆಗೆದುಕೊಂಡು ಹೋಗುತ್ತೇನೆಂದು ಹೆಂಡತಿಗೆ ಹೇಳಿದ. ಈಗ ಅವನಿಗೆ ಆ ಮನೆಗೆ ಹೋಗಲು ಧೈರ್ಯವಿತ್ತು. ಬೇಗ ಮುಗಿಸಿದರೆ ಗಡಿಗೂ ಹೋಗಬಹುದು, ಅಲ್ಲಿಯ ತನಕ ಪಾರುಪತ್ಯಗಾರ ಡ್ಯೂಕನಿಗೆ ಬಿಸಿ ದ್ರಾಕ್ಷಾರಸ ಕೊಟ್ಟು ನಿಲ್ಲಿಸಿಕೊಂಡಿರಲಿ ಅಂತ ಏರ್ಪಾಡು ಮಾಡಿದ.

ಹೆನ್ನರನ ಮನೆ ಊರಾಚೆ. ಒಳಗೆ ತುಂಬಿದ್ದ ಜನ ದೊರೆಯನ್ನು ಕಂಡು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ಮನೆಗಿದ್ದ ಒಂದೇ ಕುರ್ಚಿಯನ್ನು ಒರೆಸಿ ಹಾಕಿದರು, ಬಿಯರಿನ ಬಿಸಿ ಸಾರು ತಂದುಕೊಟ್ಟರು. ಯಾರ ಮುಖದಲ್ಲೂ ಸಿಟ್ಟಿಲ್ಲ. ಯಾರಾದರೂ ಗೊಣಗಬಹುದು, ಯಾವಳಾದರೂ ಮುದುಕಿ ಶಾಪ ಹಾಕಬಹುದು ಅಂತ ಅವನು ಎಣಿಸಿಕೊಂಡು ಬಂದಿದ್ದ. ಬೈದಿದ್ದರೆ ಬಚಾವಾಗುತ್ತಿದ್ದ. ಇಷ್ಟು ದೂರ ಈ ಚಳಿಯಲ್ಲಿ ಬಂದಿರಲ್ಲ ಅಂತ ಹೆನ್ನರ್ ಕೈ ಮುಗಿದ.

ಪೆಟ್ಟಿಗೆ ಬೆಂಚಿನ ಮೇಲಿತ್ತು, ಮುಚ್ಚಳ ಇನ್ನೂ ಹಾಕಿರಲಿಲ್ಲ. ಗೆಬ್‌ಹಾರ್ಟ್ ಕೈಗವಸು ಕಳಚಿ ಹತ್ತಿರ ಹೋದ. ಮುಖ ನೋಡಿದರೆ ಗುರುತೇ ಹತ್ತಲಿಲ್ಲ. ಹೊಂಬಣ್ಣದ ಚಿಗುರು ಮೀಸೆ, ಅಗಲವಾದ ಹಣೆ, ಯಾರೋ ಬೇರೆ ಊರಿನ ಹುಡುಗ ಅನ್ನಿಸುವ ಹಾಗೆ. ಪ್ರತಿ ಹೊಸವರ್ಷವೂ ಈ ಹುಡುಗ ತನ್ನ ಬಾಗಿಲ ತನಕ ಬಂದು ಹೋಗಿದ್ದಾನೆ. ಒಂದು ವರ್ಷವಾದರೂ ಕೆಳಗಿಳಿದು ನೋಡಬಾರದಿತ್ತೇ. ಈ ಯೋಚನೆ ತಡೆಯಲಾರದೆ ಅವನು ಮಾತಿಗೆ ತೊಡಗಿದ. ಆಡಬಾರದಿತ್ತು. ಆದರೆ ಆ ಹುಡುಗನದೇ ತಪ್ಪು ಅಂತ ಯಾರ ಬಾಯಿಂದಾದರೂ ಕೇಳಿಬಿಟ್ಟರೆ ಸಾಕಾಗಿತ್ತು ಅವನಿಗೆ.

"ನಾಯಿಗಳ ಕೊರಡು ಯಾಕೆ ಬಿಚ್ಚಲಿಲ್ಲ ಹೆನ್ನರ್?" ಅಂದ. "ಎಲ್ಲರೂ ಬಿಚ್ಚುತ್ತಾರಂತಲ್ಲ, ನನಗೆ ಗೊತ್ತಾಗಿದೆ. ನಾನೇನು ನಿಮ್ಮನ್ನ ನೇಣಿಗೆ ಹಾಕ್ತಿದ್ನಾ?"

ಮನೆಯೊಳಗೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೆಟ್ಟಿಗೆಯ ತಲೆಯ ಹತ್ತಿರ ಕೂತಿದ್ದ ಊರ್ಸೆಲ್ ಎದ್ದು ನಿಂತಳು. ದೊರೆಯ ಮುಂದೆ ಕೂತು ಮಾತಾಡುವ ಹಾಗಿಲ್ಲವಲ್ಲ.

"ನಾವೂ ಬಿಚ್ಚು ಅಂದ್ವಿ ಒಡೆಯಾ," ಅಂದಳು. "ಅವರಪ್ಪ ಅಂದ್ರು, ಅಣ್ಣಂದಿರು ಅಂದ್ರು. ಊರ ಹುಡುಗರು ಅವನನ್ನ ಚಿಕ್ಕದೊರೆ ಚಿಕ್ಕದೊರೆ ಅಂತ ಆಡ್ಕೊಂಡು ನಗೋರು. ಅವನು ಕೇಳ್ಲಿಲ್ಲ. ಬೇರೆಯೋರು ಏನಾರ ಮಾಡ್ಕೊಳ್ಲಿ ಕಣವ್ವಾ, ನಾನು ಅವರ ಹೆಸರಿಟ್ಕೊಂಡೋನು, ನಾನೇ ಅವರ ಮಾತು ಮೀರಿದ್ರೆ ಚೆನ್ನಾಗಿರುತ್ತಾ, ಅಂದ. ಚಿಕ್ಕಂದಿನಿಂದ್ಲೂ ಹಂಗೇ ಅವನು. ನಿಮ್ಮ ಹೆಸರು ಕೆಡಿಸಬಾರದು ಅಂತ ಸಂತೇಲಿ ಒಂದು ಸೇಬು ಕದ್ದೋನಲ್ಲ."

ಗೆಬ್‌ಹಾರ್ಟ್ ಕಿರೀಟ ಹಿಡಿದುಕೊಂಡೇ ನಿಂತಿದ್ದ. ಅಷ್ಟಕ್ಕೇ ಅವಳು ನಿಲ್ಲಿಸಿದ್ದರೆ ಆಗುತ್ತಿತ್ತು. ಅವಳಿಗೇನು ಗೊತ್ತು, ಮಗನ ಬಗ್ಗೆ ಒಳ್ಳೆಯ ಮಾತು ಹೇಳುತ್ತಿದ್ದೇನೆ ಅಂದುಕೊಂಡು ಹೇಳುತ್ತಾ ಹೋದಳು.

"ಅವನು ಬಿಚ್ಚೋದಿಲ್ಲ ಅಂತಲೇ ಇವರು ಮಾರ್ಟಿನ್ ಹಬ್ಬದ ದಿನ ಅಪ್ಪಣೆ ಕೇಳೋಕೆ ಬಂದಿದ್ದು. ಕೋಟೆಯಿಂದ ವಾಪಸು ಬಂದು, ದೊರೆಗಳು ಹಿಂಗಂದು ನಕ್ಕರು ಅಂದಾಗ ನಮಗೆಲ್ಲ ಮುಖ ಸಣ್ಣಗಾಯ್ತು. ಅವನೊಬ್ಬನೇ ನಕ್ಕ. ಬಂದವರ ಮುಂದೆ ತಮಾಷೆ ಮಾಡಿದ್ದಾರೆ ಅಷ್ಟೇ, ಮನಸಲ್ಲಿ ಇಟ್ಕೊಂಡಿರ್ತಾರೆ, ನಾಳೆ ನಾಡಿದ್ದರಲ್ಲಿ ಬೇಟೆಯೋರನ್ನ ಕಳಿಸ್ತಾರೆ ನೋಡ್ತಿರಿ, ಅಂದ. ದಿನಾ ಬಯಲಿಗೆ ಹೋಗೋ ಮುಂಚೆ ಕೋಟೆ ದಾರಿ ಕಡೆ ನೋಡೋನು."

ಅವಮಾನ ಅನ್ನುವುದು ಬೇರೆಯವರು ಮಾಡಿದರೆ ಮೀಸೆ ತಿರುವಿ ಎದುರಿಸಬಹುದು. ಇಲ್ಲಿ ಯಾರೂ ಏನೂ ಮಾಡಿರಲಿಲ್ಲ. ಇಡೀ ಸೀಮೆಯಲ್ಲಿ ತನ್ನ ಮಾತಿಗೆ ಬೆಲೆ ಕೊಟ್ಟವನು ಒಬ್ಬನಿದ್ದ, ಅವನು ಪೆಟ್ಟಿಗೆಯಲ್ಲಿ ಮಲಗಿದ್ದಾನೆ. ನಿನ್ನೆ ತಾನು ಅವನನ್ನೇ ಸೋಮಾರಿ ಅಂದು ಉಂಡು ಮಲಗಿದ್ದೇನೆ. ಗೆಬ್‌ಹಾರ್ಟನಿಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಓಡುವುದು ಅವನ ಮನೆತನದಲ್ಲಿ ಹೊಸದೂ ಅಲ್ಲ. ಆದರೆ ಓಡಲಿಲ್ಲ. ಬಗ್ಗಿ ಕಿರೀಟವನ್ನು ಹುಡುಗನ ಎದೆಯ ಮೇಲೆ ಇಡಲು ಹೋದ, ಅದು ಓರೆಯಾಯಿತು. ಊರ್ಸೆಲ್ ತಾನೇ ಕೈ ಚಾಚಿ, ಮಗುವಿನ ಕೈಗೆ ಸಹಾಯ ಮಾಡುವ ಹಾಗೆ ಸರಿಮಾಡಿದಳು.

"ನನ್ನಿಂದ ಏನಾಗಬೇಕು, ಕೇಳು ತಾಯಿ," ಅಂದ. ಪ್ರಜೆಗಳಲ್ಲಿ ಯಾರನ್ನೂ ಅವನು ತಾಯಿ ಅಂದಿರಲಿಲ್ಲ. "ಏನು ಬೇಕಾದ್ರೂ ಕೇಳು."

ಹೆನ್ನರ್, ಏನೂ ಬೇಡ ಒಡೆಯಾ, ಬಂದದ್ದೇ ಹೆಚ್ಚು ಅನ್ನುತ್ತಿದ್ದ. ಊರ್ಸೆಲ್ ಗಂಡನ ತೋಳು ಮುಟ್ಟಿ ಸುಮ್ಮನಾಗಿಸಿದಳು.

"ಗಿರಣಿ ಹತ್ರ ಲುಟ್ಸನ ಮನೇಲಿ ಹೋದ ವಾರ ಏಳನೇ ಗಂಡು ಹುಟ್ಟಿದೆ," ಅಂದಳು. "ಭಾನುವಾರ ನೀರು ಹಾಕಿ ಹೆಸರಿಡ್ತಾರೆ. ಆ ಮಗೂಗೆ ನಿಮ್ಮ ಹೆಸರು ಇಡಬ್ಯಾಡಿ ಒಡೆಯಾ. ಅವರು ಬಾಯಿಬಿಟ್ಟು ಕೇಳಲಾರರು, ಅದಕ್ಕೆ ನಾನು ಕೇಳ್ತಿದ್ದೀನಿ. ತಪ್ಪು ತಿಳ್ಕೋಬ್ಯಾಡಿ."

ಅವಳ ದನಿಯಲ್ಲಿ ಸಿಟ್ಟಿನ ಎಳೆಯೂ ಇರಲಿಲ್ಲ. ನೀರು ಕೇಳುವವರ ಹಾಗೆ ಕೇಳಿದಳು. ಗೆಬ್‌ಹಾರ್ಟ್ ತಲೆಯಾಡಿಸಿದ.

ಪೆಟ್ಟಿಗೆಯ ಹಿಂದೆ ನಡೆದುಕೊಂಡೇ ಚರ್ಚಿಗೆ ಹೋದ. ಕುದುರೆ ಹಿಡಿದುಕೊಂಡು ಒಟ್‌ಮಾರ್ ಹಿಂದೆ ಹಿಂದೆ ಬಂದು, ಡ್ಯೂಕ್ ಗಡಿಗೆ ಬಂದಿರುತ್ತಾರೆ, ಈಗ ಹೊರಟರೆ ಇನ್ನೂ ಸಿಗುತ್ತಾರೆ ಅಂತ ಪಿಸುಗುಟ್ಟಿದ. ದೊರೆ ಕೇಳಿಸಿಕೊಳ್ಳಲಿಲ್ಲ. ಪಾದ್ರಿ ಸೆಬಾಲ್ಡ್ ಧರ್ಮೋಪದೇಶದಲ್ಲಿ ದೇವರ ಇಚ್ಛೆಯ ಬಗ್ಗೆ ಮಾತಾಡಿದ, ತೋಳದ ಸುದ್ದಿ ಎತ್ತಲಿಲ್ಲ, ಅವನಿಗೂ ಸಂಬಳ ಕೋಟೆಯದೇ. ಮಣ್ಣು ಹಾಕಿದ ಮೇಲೆ ಗೆಬ್‌ಹಾರ್ಟ್ ಗುಂಡಿಯ ಬಳಿ ನಿಂತು ಕೊರಡಿನ ಆಜ್ಞೆ ಇವತ್ತಿನಿಂದ ಇಲ್ಲ ಅಂದ, ಯಾವ ಹಳ್ಳಿಯಲ್ಲೂ ಇಲ್ಲ, ಯಾವ ಕಾಲದಲ್ಲೂ ಇಲ್ಲ ಅಂದ. ತಪ್ಪು ನನ್ನದು ಅಂತಲೂ ಅಂದ. ಅದು ಮುಂದಿನ ಸಾಲಿನವರಿಗೆ ಮಾತ್ರ ಕೇಳಿಸಿತು. ಯಾರೂ ಜಯಕಾರ ಹಾಕಲಿಲ್ಲ. ಜನ ಟೋಪಿ ಹಾಕಿಕೊಂಡು ಮನೆಗೆ ಹೋದರು.

ಡ್ಯೂಕ್ ಗಡಿಯ ಕಲ್ಲಿನ ಬಳಿ ಹಿಮದ ಮಳೆಯಲ್ಲಿ ಕಾದು, ಪಾರುಪತ್ಯಗಾರನ ದ್ರಾಕ್ಷಾರಸವನ್ನು ನೆಲಕ್ಕೆ ಚೆಲ್ಲಿ ಹಿಂದಿರುಗಿದನಂತೆ. ಕುರಿಗಾಹಿಯ ಮಗನಿಗೆ ನನಗಿಂತ ಹೆಚ್ಚಿನ ಮರ್ಯಾದೆ ಕೊಡುವವನು ಕುರಿಗಾಹಿಗಳ ಸಭೆಯಲ್ಲೇ ಕೂತಿರಲಿ ಅಂದನಂತೆ. ಸಭೆಯ ಆಸನದ ಮಾತು ಅಲ್ಲಿಗೆ ಮುಗಿಯಿತು. ಅದನ್ನು ಕೇಳಿದಾಗ ಗೆಬ್‌ಹಾರ್ಟನಿಗೆ ದುಃಖವಾಗಲಿಲ್ಲ. ದುಃಖವಾಗಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು, ಏನಾದರೂ ಕಳೆದುಕೊಂಡ ಹಾಗಾದರೂ ಇರುತ್ತಿತ್ತು ಅಂತ ಹೆಂಡತಿಯ ಹತ್ತಿರ ಅಂದನಂತೆ. ಆ ದಿನಗಳಲ್ಲಿ ಅವಳೂ ಅವನನ್ನು ಚುಚ್ಚುವುದು ಬಿಟ್ಟಿದ್ದಳು.

ಭಾನುವಾರ ಪಾರುಪತ್ಯಗಾರನನ್ನು ಕಳಿಸಲಿಲ್ಲ. ತಾನೇ ಬಂದ. ಬಾಣಂತಿ ಮನೆ ಬಿಟ್ಟು ಬರುವ ಹಾಗಿಲ್ಲವಾದ್ದರಿಂದ ಮಗುವನ್ನು ಸೂಲಗಿತ್ತಿ ಎತ್ತಿಕೊಂಡು ಬಂದಿದ್ದಳು. ಜೊತೆಯಲ್ಲಿ ಲುಟ್ಸ್, ಗಿರಣಿಯಲ್ಲಿ ಮೂಟೆ ಹೊರುವವನು, ದೊಡ್ಡ ಆಳು. ಅವನು ದೊರೆಯನ್ನು ಕಂಡದ್ದೇ ಬಿಳಿಚಿಕೊಂಡ. ಊರ್ಸೆಲ್ ಕೇಳಿದ್ದಳು ಅನ್ನುವುದು ಅವನಿಗೂ ಗೊತ್ತು, ಆದರೆ ದೊರೆ ತಲೆಯಾಡಿಸಿದ್ದನ್ನು ನೆಚ್ಚುವುದು ಹೇಗೆ. ಆ ಹೆಸರು ಬಿದ್ದರೆ ಬೇಡ ಅನ್ನುವ ಧೈರ್ಯ ಅವನಿಗಿಲ್ಲ. ತನ್ನ ಟೋಪಿಯನ್ನು ಎರಡು ಕೈಯಲ್ಲಿ ಹಿಂಡುತ್ತಾ ನಿಂತಿದ್ದ.

ಗೆಬ್‌ಹಾರ್ಟ್ ಮಗುವನ್ನು ಇಸಿದುಕೊಂಡ. ಹಗುರವಾಗಿತ್ತು, ಬೆಚ್ಚಗಿತ್ತು, ಅವನ ಮುಖವನ್ನೇ ನೋಡುತ್ತಿತ್ತು. ಪಾದ್ರಿ ನೀರಿಗೆ ಕೈ ಹಾಕಿ, ಮಗುವಿನ ಹೆಸರೇನು ಎಂದು ಕೇಳಿದ. ಕೇಳುವುದಕ್ಕೆ ಮೊದಲೇ ಪಾದ್ರಿ ತನ್ನ ಬಾಯಲ್ಲಿ ಗೆಬ್‌ಹಾರ್ಟ್ ಅಂತ ಸಿದ್ಧಮಾಡಿಕೊಂಡಿದ್ದ, ರೂಢಿ ನೋಡಿ.

"ಲುಟ್ಸ್," ಅಂದ ದೊರೆ. "ಅವರಪ್ಪನ ಹೆಸರು."

ಪಾದ್ರಿ ಒಂದು ಗಳಿಗೆ ತಡವರಿಸಿ, ಆ ಹೆಸರನ್ನೇ ಹೇಳಿ ನೀರು ಹಾಕಿದ. ಮಗು ಚೀರಿತು. ಹಿಂದೆ ಬೆಂಚುಗಳಲ್ಲಿ ಇಡೀ ಊರೇ ಉಸಿರು ಬಿಟ್ಟದ್ದು ಗೆಬ್‌ಹಾರ್ಟನಿಗೆ ಕೇಳಿಸಿತು. ಲುಟ್ಸ್ ಮುಂದೆ ಬಂದು ಮೊಣಕಾಲೂರಿ ದೊರೆಯ ಕೈಯನ್ನು ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರು ಬಂದಿತ್ತು.

"ದೊಡ್ಡ ಉಪಕಾರ ಆಯ್ತು ಒಡೆಯಾ," ಅಂದ. "ನಮ್ಮ ಮಗು ಉಳೀತು."

ಗೆಬ್‌ಹಾರ್ಟ್ ಚರ್ಚಿಗೆ ಸೂರು ಹಾಕಿಸಿದಾಗಲೂ, ಬಿತ್ತನೆಗೆ ಕಾಳು ಕೊಡಿಸಿದಾಗಲೂ ಜನ ಸಾಲುಗಟ್ಟಿ ಬಂದು ಉಪಕಾರ ಆಯಿತು ಅಂದಿದ್ದರು. ಆಗೆಲ್ಲ ಅವರು ನೆಲ ನೋಡಿಕೊಂಡು ಅಂದಿದ್ದರು ಅನ್ನುವುದು ಅವನಿಗೆ ಈಗ ಹೊಳೆಯಿತು. ಇವನೊಬ್ಬ ಕಣ್ಣಲ್ಲಿ ಕಣ್ಣಿಟ್ಟು ಅಂದ. ಗೆಬ್‌ಹಾರ್ಟ್ ತಲೆ ತಗ್ಗಿಸಿ, ಮಗುವನ್ನು ಸೂಲಗಿತ್ತಿಯ ಕೈಗೆ ಕೊಟ್ಟು, ಕೈ ಒರೆಸಿಕೊಂಡ.